ಮೋಟಾರು ನಡೆಸುವ ಸುಖ: ಲಘುತ್ವವೂ ಪ್ರಾಬಲ್ಯವೂ



ಈ ಸಂಜೆ ನಾವು ತಮ್ಮ ಮುಂದೆ ಇಡಬೇಕೆಂದಿರುವ ವಿಷಯ ಮೋಟಾರು ನಡೆಸುವುದರಲ್ಲಿರುವ ಸುಖ. ಮೋಟಾರಿನಲ್ಲಿ ಪ್ರಯಾಣ ಮಾಡುವ ಸುಖ ಬೇರೆ. ಅದು ಹಿಂದಿನ ಆಸನದಲ್ಲಿ ಒರಗಿ ಕುಳಿತವರಿಗೆ ಸೇರಿದುದು; ಮೆತ್ತನೆಯ ದಿಂಬು, ತಂಪಾದ ಗಾಳಿ, ಕುಲುಕಾಟವಿಲ್ಲದ ಗತಿ ಇವಿಷ್ಟಿದ್ದರೆ ಅದು ಪೂರ್ಣವಾಯಿತು. ನಡೆಸುವ ಸುಖವಾದರೋ ಚಕ್ರ ಹಿಡಿದವನದು. ಅವನ ಕೈ, ಕಾಲು, ಕಣ್ಣು, ಬುದ್ಧಿ ನಾಲ್ಕೂ ಅದರಲ್ಲಿ ಪಾಲುಗೊಳ್ಳುತ್ತವೆ. ಈ ಸುಖಕ್ಕಾಗಿಯೇ ಕೆಲವು ವಾಹನಗಳನ್ನು ಕಟ್ಟುತ್ತಾರೆ. ಅವಕ್ಕೆ ಸ್ಪೋರ್ಟ್ಸ್ ಕಾರುಗಳೆಂದು ಹೆಸರು.

ಈ ಕಾರುಗಳಲ್ಲಿ ಎರಡು ಪಂಥಗಳುಂಟು. ಮೊದಲನೆಯ ಪಂಥದವರು ವಾಹನದ ಭಾರವನ್ನು ಕಳೆಯುತ್ತ ಹೋಗುತ್ತಾರೆ. ಯಂತ್ರ ಸಣ್ಣದಿದ್ದರೂ ಸಾಕೆನ್ನುತ್ತಾರೆ. ಎರಡನೆಯ ಪಂಥದವರು ಯಂತ್ರದ ಬಲವನ್ನು ಕೂಡುತ್ತ ಹೋಗುತ್ತಾರೆ. ಭಾರ ಹೆಚ್ಚಿದರೆ ಹೆಚ್ಚಲಿ ಎನ್ನುತ್ತಾರೆ. ಇವರಿಬ್ಬರಲ್ಲಿ ಚಾಲಕನಿಗೆ ಹೆಚ್ಚು ಸುಖವನ್ನು ಕೊಡುವವರು ಯಾರು? ಆ ಸುಖಕ್ಕೆ ತೆರಬೇಕಾದ ಬೆಲೆ ಏನು? ಇದೇ ನಮ್ಮ ಪ್ರಶ್ನೆ.

ಇದು ದೂರದೇಶದ ಶ್ರೀಮಂತರ ಚಿಂತೆ, ನಮಗೇಕೆ ಎಂದು ತಾವು ಕೇಳಬಹುದು. ಆದರೆ ಮೋಟಾರು ಹುಟ್ಟುವುದಕ್ಕೆ ಬಹು ಹಿಂದೆಯೇ ನಮ್ಮ ಜನ ಈ ಪ್ರಶ್ನೆಯನ್ನು ಎದುರಿಸಿದ್ದಾರೆ. ಬೆಳಗಾವಿ ಜಿಲ್ಲೆಯ ನಾಗನೂರಿನ ಸೀಮೆಯನ್ನು ನೋಡೋಣ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಈ ನಾಡು ಘಟಪ್ರಭೆಯ ನೀರು ಕುಡಿದ ನಾಡು. ಎರೆಮಣ್ಣಿನ ಹೊಲ, ಕಬ್ಬಿನ ತೋಟ, ಸಕ್ಕರೆಯ ಕಾರ್ಖಾನೆಗಳ ನಾಡು. ಇಲ್ಲಿ ಜಾತ್ರೆಯೆಂದರೆ ಶರ್ಯತ್ತು ಎಂದೇ ಅರ್ಥ. ಎತ್ತಿನ ಗಾಡಿಯ ಓಟ, ಕುದುರೆಗಾಡಿಯ ಓಟಗಳು ಒಂದು ಬಗೆ. ಭಾರವಾದ ಬಂಡಿಯನ್ನು ಎತ್ತುಗಳಿಂದ ಎಳೆಯಿಸುವ ಪಂದ್ಯ ಇನ್ನೊಂದು ಬಗೆ. ಬೆಳಗಾವಿ, ಬಾಗಲಕೋಟೆಗಳ ಕಡೆ ಅದನ್ನು ತೆರಬಂಡಿಯೆನ್ನುತ್ತಾರೆ. ಮೊದಲನೆಯದರಲ್ಲಿ ನೋಡುವುದು ವೇಗ. ಎರಡನೆಯದರಲ್ಲಿ ನೋಡುವುದು ಬಲ. ಇವೆರಡನ್ನೂ ಆ ಸೀಮೆಯ ರೈತ ಎಂದೂ ಒಂದರೊಡನೊಂದು ಬೆರೆಸುವುದಿಲ್ಲ.

ಆತನ ಕೊಟ್ಟಿಗೆಯೇ ಇದಕ್ಕೆ ಸಾಕ್ಷಿ. ಆ ಪ್ರಾಂತ್ಯದಲ್ಲಿ ಎರಡು ಹೆಸರಾಂತ ದನದ ತಳಿಗಳುಂಟು. ಕೃಷ್ಣಾ ಕಣಿವೆಯ ತಳಿ ಒಂದು. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು, ಆಳವಾದ ಎರೆಭೂಮಿಯನ್ನು ಉಳುವುದಕ್ಕೆಂದು, ಗೀರ್, ಓಂಗೋಲು, ಕಾಂಕ್ರೇಜ್ ಮತ್ತು ಮೈಸೂರು ಕಡೆಯ ದನಗಳನ್ನು ಬೆರೆಸಿ ಇದನ್ನು ಬೆಳೆಸಿದರು. ಮೈ ದೊಡ್ಡದು, ನಡೆ ನಿಧಾನ, ಎಳೆತ ಅಪಾರ. ಟ್ರ್ಯಾಕ್ಟರು ಬಂದ ಮೇಲೆ ಇದರ ಸಂಖ್ಯೆ ಬಹಳ ಕುಗ್ಗಿದೆ. ಇನ್ನೊಂದು ಕಿಲಾರಿ. ಬಿಗಿಯಾದ ಮೈಕಟ್ಟು, ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬು, ಚುರುಕಾದ ಕಾಲು, ಬೇಗ ಕೆರಳುವ ಸ್ವಭಾವ. ಶರ್ಯತ್ತಿಗೆ ಕಟ್ಟುವುದು ಕಿಲಾರಿಯನ್ನೇ. ಅಷ್ಟೇ ಅಲ್ಲ, ಓಟದ ಗಾಡಿಯನ್ನೂ ಹೊರೆಗಾಡಿಯಂತೆ ಕಟ್ಟುವುದಿಲ್ಲ. ಬೇಡದ ಮರವನ್ನೆಲ್ಲ ತೆಗೆದು, ಒಬ್ಬನು ನಿಲ್ಲುವುದಕ್ಕೆ ಸಾಕಾಗುವಷ್ಟು ಮಾತ್ರ ಉಳಿಸುತ್ತಾರೆ. ದೊಡ್ಡ ಎತ್ತನ್ನು ಕಟ್ಟಿದರೆ ಎಳೆತ ಹೆಚ್ಚಾಗುತ್ತದೆ, ಆದುದರಿಂದ ಓಟವೂ ಹೆಚ್ಚಬೇಕಲ್ಲವೇ ಎಂದು ಕೇಳಿದರೆ ಆ ರೈತ ನಕ್ಕಾನು. ದೊಡ್ಡ ಎತ್ತು ಮೊದಲು ತನ್ನ ಮೈಯನ್ನೇ ಹೊತ್ತು ಓಡಬೇಕಷ್ಟೆ!

ನಮ್ಮ ಮೈಸೂರಿನ ಅನುಭವವೂ ಇದೇ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂದು ಹೆಸರಾದ ದನಗಳು ಗಾತ್ರದಲ್ಲಿ ಮಿತವಾದುವು. ಆದರೂ ಫಿರಂಗಿಗಳನ್ನೆಳೆದು ಸೈನ್ಯದ ನಡಿಗೆಗೆ ವೇಗ ಕೊಟ್ಟುದರಿಂದಲೇ ಅವು ಚರಿತ್ರೆಯಲ್ಲಿ ಖ್ಯಾತಿ ಪಡೆದುವು.

ಇನ್ನೂ ಹಿಂದೆ ಹೋದರೆ ಭಾರತದ ಅರಣ್ಯಪರ್ವದ ನಳೋಪಾಖ್ಯಾನ ನೆನಪಾಗುತ್ತದೆ. ಋತುಪರ್ಣರಾಜನು ಒಂದೇ ದಿನದಲ್ಲಿ ವಿದರ್ಭವನ್ನು ಸೇರಬೇಕು. ಬಾಹುಕನ ವೇಷದಲ್ಲಿದ್ದ ನಳನು ಲಾಯಕ್ಕೆ ಹೋಗಿ, ಕೊಬ್ಬಿದ ಕುದುರೆಗಳನ್ನು ಬಿಟ್ಟು, ಬಡಕಲಾಗಿ ಕಾಣುವ ಕುದುರೆಗಳನ್ನು ಆರಿಸಿ ತರುತ್ತಾನೆ. ಇವು ಅಷ್ಟು ದೂರವನ್ನು ಹೇಗೆ ಓಡಿಯಾವೆಂದು ರಾಜನು ಕೋಪಿಸುತ್ತಾನೆ. ರಥ ಹೊರಟಿತು, ರಾಜನ ಉತ್ತರೀಯ ಜಾರಿ ಬಿದ್ದಿತು, ನಿಲ್ಲಿಸು ಎನ್ನುವಷ್ಟರಲ್ಲಿ ಅದು ಯೋಜನದೂರ ಹಿಂದೆ ಉಳಿದಿತ್ತು. ನಳನಿಗೆ ಅಶ್ವಹೃದಯ ತಿಳಿದಿತ್ತೆಂದು ಕವಿ ಹೇಳುತ್ತಾನೆ. ಕುದುರೆಯ ಹೃದಯವನ್ನು ತಿಳಿದವನು ಕುದುರೆಯ ಗಾತ್ರಕ್ಕೆ ಮರುಳಾಗನು. ಈ ಅಶ್ವಹೃದಯವೆಂಬ ಮಾತನ್ನು ತಾವು ನೆನಪಿಟ್ಟಿರಬೇಕು; ಮುಂದೆ ಅದು ಬೇಕಾಗುತ್ತದೆ.

ಈಗ ಯಂತ್ರದ ವಿಚಾರಕ್ಕೆ ಬರೋಣ. ವಾಹನದ ಚುರುಕು ಕೇವಲ ಅಶ್ವಶಕ್ತಿಯನ್ನು ಅವಲಂಬಿಸಿದುದಲ್ಲ. ಅಶ್ವಶಕ್ತಿಯನ್ನು ಭಾರದಿಂದ ಭಾಗಿಸಿದಾಗ ಬರುವ ಲಬ್ಧವನ್ನು ಅವಲಂಬಿಸಿದುದು. 600 ಕಿಲೋಗ್ರಾಮಿನ ಗಾಡಿಗೆ 60 ಅಶ್ವಶಕ್ತಿ, 1,800 ಕಿಲೋಗ್ರಾಮಿನ ಗಾಡಿಗೆ 180 ಅಶ್ವಶಕ್ತಿ ಇದ್ದರೆ, ನೇರವಾದ ರಸ್ತೆಯಲ್ಲಿ ಹೊರಡುವಾಗ ಎರಡೂ ಹೆಚ್ಚುಕಡಮೆ ಒಂದೇ ಬಗೆಯಾಗಿ ಮುನ್ನುಗ್ಗುತ್ತವೆ. ಹಾಗಾದರೆ ವ್ಯತ್ಯಾಸವೇ ಇಲ್ಲವೇ? ರಸ್ತೆ ತಿರುಗಿದ ಕ್ಷಣದಲ್ಲಿ ವ್ಯತ್ಯಾಸ ಕಾಣಿಸುತ್ತದೆ. ಒಂದೇ ವೇಗದಲ್ಲಿ ಒಂದೇ ತಿರುವನ್ನು ದಾಟುವುದಕ್ಕೆ ಮೂರರಷ್ಟು ಭಾರದ ಗಾಡಿಗೆ ಮೂರರಷ್ಟು ಹಿಡಿತ ಬೇಕು. ಆದರೆ ಟೈರಿನ ಗುಣ ವಿಚಿತ್ರವಾದುದು: ಅದರ ಮೇಲೆ ಭಾರವನ್ನು ಇಮ್ಮಡಿಸಿದರೆ ಹಿಡಿತ ಇಮ್ಮಡಿಸುವುದಿಲ್ಲ, ಅದಕ್ಕಿಂತ ಸ್ವಲ್ಪ ಕಡಮೆಯಾಗಿಯೇ ಬೆಳೆಯುತ್ತದೆ. ಆದುದರಿಂದ ಭಾರದ ಗಾಡಿಗೆ ಅಗಲವಾದ ಟೈರು ಬೇಕು. ನಿಲ್ಲಿಸುವಾಗಲೂ ಹೀಗೆಯೇ, ಗಾಡಿಯಲ್ಲಿ ತುಂಬಿದ ಚಲನಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗಬೇಕು. ಭಾರ ಮೂರರಷ್ಟಾದರೆ ಶಾಖವೂ ಮೂರರಷ್ಟು. ಅದನ್ನು ತಡೆಯುವುದಕ್ಕೆ ದೊಡ್ಡ ಬ್ರೇಕು. ದೊಡ್ಡ ಯಂತ್ರವನ್ನು ತಣಿಸುವುದಕ್ಕೆ ದೊಡ್ಡ ರೇಡಿಯೇಟರು. ಬಲವನ್ನು ಗಾಲಿಗೆ ಮುಟ್ಟಿಸುವುದಕ್ಕೆ ಗಟ್ಟಿಯಾದ ಗೇರುಪೆಟ್ಟಿಗೆ. ಇವೆಲ್ಲ ಸೇರಿ ಮತ್ತೆ ಭಾರ. ಆ ಭಾರವನ್ನು ಎಳೆಯುವುದಕ್ಕೆ ಮತ್ತೆ ಬಲ. ಸಾಲ ತೀರಿಸಲು ಸಾಲ ಮಾಡಿದವನ ಗತಿ ಇದು.

ಲಘುಪಂಥದ ಲೆಕ್ಕ ಇದಕ್ಕೆ ವಿರುದ್ಧವಾದುದು. ಒಂದು ಕಡೆ ಭಾರ ಕಳೆದರೆ ಇನ್ನೊಂದು ಕಡೆಯೂ ಕಳೆಯಬಹುದು. ಗಾಡಿ ಹಗುರಾದರೆ ಬ್ರೇಕು ಸಣ್ಣದು ಸಾಕು, ಸ್ಪ್ರಿಂಗು ಮೃದುವಾದುದು ಸಾಕು, ಟೈರು ಸಪೂರವಾದುದು ಸಾಕು. ಇಂಗ್ಲೆಂಡಿನಲ್ಲಿ ಲೋಟಸ್ ಕಂಪನಿಯನ್ನು ಸ್ಥಾಪಿಸಿದ ಕಾಲಿನ್ ಚಾಪ್‌ಮನ್ ಈ ತತ್ತ್ವವನ್ನು ವ್ರತದಂತೆ ಪಾಲಿಸಿದನು. ಅವನ ಮೊದಲ ಗಾಡಿಗಳಿಗೆ ಆಧಾರವಾದುದು 1922ರಲ್ಲಿ ಬಂದ ಆಸ್ಟಿನ್ ಸೆವೆನ್ ಎಂಬ ಬಡವರ ಮೋಟಾರು. 1957ರಲ್ಲಿ ಅವನು ಹೊರತಂದ ಲೋಟಸ್ ಸೆವೆನ್ ಎಂಬ ಗಾಡಿಗೆ ಬಾಗಿಲೂ ಇರಲಿಲ್ಲ, ಆಡಂಬರವೂ ಇರಲಿಲ್ಲ. ಮೊದಲಿಗೆ ಅದರ ಯಂತ್ರಕ್ಕೆ ಇದ್ದುದು ಸುಮಾರು 40 ಅಶ್ವಶಕ್ತಿ. ಅದರ ವಂಶದ ಗಾಡಿಗಳನ್ನು ಇಂದಿಗೂ ಕಟ್ಟುತ್ತಾರೆ, ಕೊಳ್ಳುತ್ತಾರೆ. 1989ರಲ್ಲಿ ಜಪಾನಿನ ಮಾಜ್ಡಾ ಕಂಪನಿ ಎಂಎಕ್ಸ್-5 ಎಂಬ ಎರಡಾಸನದ ತೆರೆದ ಕಾರನ್ನು ತಂದಿತು. 1.6 ಲೀಟರಿನ ಯಂತ್ರ, ಸುಮಾರು 115 ಅಶ್ವಶಕ್ತಿ, ಒಂದು ಟನ್ನಿಗಿಂತ ಕಡಮೆ ಭಾರ. 2016ರ ಹೊತ್ತಿಗೆ ಇಂಥವು ಹತ್ತು ಲಕ್ಷ ತಯಾರಾಗಿದ್ದುವು. ಅದನ್ನು ರಚಿಸಿದವರು ತಮ್ಮ ಗುರಿಯನ್ನು ಜಿಂಬಾ ಇತ್ತಾಯ್ ಎಂಬ ಜಪಾನೀ ಮಾತಿನಿಂದ ಸೂಚಿಸಿದರು. ಸವಾರನೂ ಕುದುರೆಯೂ ಒಂದೇ ದೇಹವಾಗುವುದು ಎಂದು ಅದರ ಅರ್ಥ. ನಮ್ಮ ಅಶ್ವಹೃದಯಕ್ಕೆ ಇದಕ್ಕಿಂತ ಹತ್ತಿರದ ಮಾತು ಬೇರೆ ಭಾಷೆಯಲ್ಲಿ ದೊರೆಯುವುದು ಕಷ್ಟ.

ಪ್ರಬಲ ಪಂಥದ ಶಿಖರವನ್ನೂ ನೋಡಬೇಕು. 2005ರಲ್ಲಿ ಬುಗಾಟಿ ವೇರಾನ್ ಎಂಬ ಕಾರು ತಯಾರಾಯಿತು. ಹದಿನಾರು ಸಿಲಿಂಡರು, 8 ಲೀಟರಿನ ಯಂತ್ರ, 1,001 ಅಶ್ವಶಕ್ತಿ, ಹತ್ತು ರೇಡಿಯೇಟರು, ಸುಮಾರು 1,900 ಕಿಲೋಗ್ರಾಂ ಭಾರ. ಗಂಟೆಗೆ 400 ಕಿಲೋಮೀಟರನ್ನು ಮೀರಿದ ವೇಗ. ಆ ಪೂರ್ಣವೇಗದಲ್ಲಿ ಓಡಿದರೆ 100 ಲೀಟರಿನ ಪೆಟ್ರೋಲು ತೊಟ್ಟಿ ಸುಮಾರು 12 ನಿಮಿಷಗಳಲ್ಲಿ ಬರಿದಾಗುತ್ತಿತ್ತು. ಎಂಜಿನಿಯರಿಂಗಿನ ಅದ್ಭುತವೆಂಬುದರಲ್ಲಿ ಸಂದೇಹವಿಲ್ಲ.

ಪ್ರಬಲ ಪಂಥದವರ ವಾದವನ್ನು ನಾವು ಅಲ್ಲಗಳೆಯಲಾಗದು. ಅವರ ಪೂರ್ವಪಕ್ಷ ಹೀಗೆ. ಗಾಳಿಯ ತಡೆಯನ್ನು ಗೆಲ್ಲುವುದಕ್ಕೆ ಲಘುತ್ವ ಏನೂ ಮಾಡಲಾರದು; ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಬೇಕಾಗುವ ಅಶ್ವಶಕ್ತಿ ಎಂಟು ಮಡಿಯಾಗುತ್ತದೆ. ಅಲ್ಲಿ ಯಂತ್ರವೇ ಗತಿ. ಹೆದ್ದಾರಿಯಲ್ಲಿ ಮುಂದಿನ ಲಾರಿಯನ್ನು ಬೇಗ ದಾಟಿ ಸುರಕ್ಷಿತವಾಗಿ ಪಕ್ಕಕ್ಕೆ ಸೇರುವುದಕ್ಕೆ ಬಲವೇ ಬೇಕು. ದೊಡ್ಡ ಯಂತ್ರದ ಗಂಭೀರಧ್ವನಿಗೆ, ಕಾಲು ಒತ್ತಿದೊಡನೆ ಬೆನ್ನನ್ನು ಆಸನಕ್ಕೆ ಒರಗಿಸುವ ಆ ನೂಕಿಗೆ, ತನ್ನದೇ ಆದ ರಸವುಂಟು. ಘರ್ಷಣೆಯಾದಾಗ ಹಗುರ ಗಾಡಿಗಿಂತ ಭಾರದ ಗಾಡಿಯೊಳಗಿನವರಿಗೆ ಪೆಟ್ಟು ಕಡಮೆಯೆಂಬುದೂ ಭೌತಶಾಸ್ತ್ರದ ಮಾತೇ. ಇವೆಲ್ಲ ನಿಜ. ಎದುರಿನ ಹಗುರ ಗಾಡಿಯೊಳಗಿನವರಿಗೆ ಆ ಪೆಟ್ಟು ಹೆಚ್ಚಾಗುತ್ತದೆಂಬುದು ಮಾತ್ರ ಈ ವಾದದಲ್ಲಿ ಮರೆಯಾಗುವ ಅಂಶ.

ಸ್ಪರ್ಧೆಯ ಚರಿತ್ರೆಯೂ ಏಕಪಕ್ಷವಾಗಿ ತೀರ್ಪು ಕೊಟ್ಟಿಲ್ಲ. 1964ರ ಮಾಂಟೆಕಾರ್ಲೋ ರ್‍ಯಾಲಿಯಲ್ಲಿ, 1,071 ಘನ ಸೆಂಟಿಮೀಟರಿನ ಪುಟ್ಟ ಮಿನಿ ಕೂಪರ್ ಕಾರು, ಪ್ಯಾಡಿ ಹಾಪ್‌ಕರ್ಕ್ ಎಂಬವನ ಸಾರಥ್ಯದಲ್ಲಿ ಪ್ರಥಮವಾಯಿತು. ಎಂಟು ಸಿಲಿಂಡರಿನ ದೊಡ್ಡ ಫೋರ್ಡ್ ಫಾಲ್ಕನ್ ದ್ವಿತೀಯವಾಯಿತು. ಹಗುರ ಗಾಡಿಯ ಗೆಲವೆಂದು ಲೋಕವೆಲ್ಲ ಕೊಂಡಾಡಿತು. ಆದರೆ ಗಡಿಯಾರದ ಓಟದಲ್ಲಿ ಫಾಲ್ಕನ್ನೇ ಮುಂದಿತ್ತು; ಯಂತ್ರದ ಗಾತ್ರವನ್ನು ಗಮನಿಸಿ ಅಂಕಗಳನ್ನು ಹೊಂದಿಸುವ ನಿಯಮವಿದ್ದುದರಿಂದ ಮಿನಿಗೆ ಪ್ರಥಮಸ್ಥಾನ ಬಂದಿತು. ಹಾಗೆಂದು ಮಿನಿಯ ಕೀರ್ತಿ ಸುಳ್ಳಾಗುವುದಿಲ್ಲ. ಹಿಮ ಕವಿದ ಬೆಟ್ಟದ ಹಾದಿಯಲ್ಲಿ, ನಾಲ್ಕೂವರೆ ಲೀಟರಿಗೂ ಮೀರಿದ ಯಂತ್ರದ ಬೆನ್ನಹಿಂದೆಯೇ ಒಂದು ಲೀಟರಿನ ಯಂತ್ರ ಬಂದುದು ಸಾಮಾನ್ಯವೇ? ಬಲವು ವೇಗವನ್ನು ಕೊಟ್ಟಿತು. ಲಘುತ್ವ ಅದನ್ನು ಬಿಡದೆ ಬೆನ್ನಟ್ಟಿತು.

ಆದರೆ ನಮ್ಮ ಪ್ರಶ್ನೆ ಗೆಲವಿನದಲ್ಲ, ಸುಖದ್ದು. ಸುಖವನ್ನು ಅಳೆಯುವುದಕ್ಕೆ ನಾವು ಒಂದು ಮಾನವನ್ನು ಸೂಚಿಸುತ್ತೇವೆ. ಗಾಡಿಯ ಸಾಮರ್ಥ್ಯದಲ್ಲಿ ಎಷ್ಟು ಪಾಲನ್ನು, ಚಾಲಕನ ಕೌಶಲದಲ್ಲಿ ಎಷ್ಟು ಪಾಲನ್ನು, ನಿತ್ಯದ ರಸ್ತೆಯಲ್ಲಿ ಬಳಸಲು ಸಾಧ್ಯ? ವೀಣೆಯನ್ನು ಹಿಡಿದವನಿಗೆ ತಂತಿಗಳೆಲ್ಲ ಕೈಗೆಟುಕಬೇಕು. ನೂರು ತಂತಿಯ ವೀಣೆಯನ್ನು ಕೊಟ್ಟು, ಅದರಲ್ಲಿ ಎರಡನ್ನು ಮಾತ್ರ ಮೀಟಬಹುದೆಂದರೆ ವೈಣಿಕನಿಗೆ ಏನು ತೃಪ್ತಿ?

ಈ ಮಾನವನ್ನು ನಾಗನೂರಿನ ರಸ್ತೆಗೆ ಹಿಡಿದು ನೋಡೋಣ. ಭಾರತ ಸರ್ಕಾರದ 2018ರ ಅಧಿಸೂಚನೆ ಕಾರಿಗೆ ಸಾಮಾನ್ಯ ರಸ್ತೆಗಳಲ್ಲಿ ಗೊತ್ತುಪಡಿಸಿದ್ದ ಗರಿಷ್ಠ ವೇಗ ಗಂಟೆಗೆ 70 ಕಿಲೋಮೀಟರು. ನಡುವೆ ವಿಭಜಕವಿರುವ ನಾಲ್ಕು ಪಥದ ಹೆದ್ದಾರಿಯಲ್ಲಿ 100. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಬಳಿ ಹಾಯುವ ಪುಣೆ-ಬೆಂಗಳೂರು ಹೆದ್ದಾರಿಯನ್ನು ಬಿಟ್ಟು ಒಳನಾಡಿಗೆ ಇಳಿದರೆ, ಕಾನೂನಿಗಿಂತ ಮೊದಲು ರಸ್ತೆಯೇ ವೇಗವನ್ನು ನಿಯಮಿಸುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡು ಕಾರ್ಖಾನೆಯ ಕಡೆಗೆ ಸಾಗುತ್ತಿರುತ್ತವೆ. ಸಂಜೆಯಾದರೆ ಎಮ್ಮೆ, ಕುರಿ, ಚಕ್ಕಡಿಗಳು ಮನೆಗೆ ಮರಳುತ್ತವೆ. ಶಾಲೆ ಬಿಟ್ಟ ಮಕ್ಕಳು ಸೈಕಲ್ಲಿನ ಮೇಲೆ ಮೂವರು ಕೂತು ಬರುತ್ತಾರೆ. ಇಂಥ ದಾರಿಯಲ್ಲಿ, ಎರಡೂವರೆ ಸೆಕೆಂಡಿನಲ್ಲಿ 100 ಕಿಲೋಮೀಟರಿನ ವೇಗವನ್ನು ಮುಟ್ಟುವ ವಾಹನದ ಸುಖ ಎರಡು ಸೆಕೆಂಡು ತುಂಬುವುದರೊಳಗೆ ಮುಗಿಯಬೇಕು. ಆಮೇಲೆ ಚಾಲಕನಿಗೆ ಉಳಿಯುವುದು ಎರಡೇ ಮಾರ್ಗ: ತನ್ನ ಗಾಡಿಯ ಮೂಗುದಾರ ಬಿಗಿಹಿಡಿದು ಬೇಸರಪಡುವುದು, ಇಲ್ಲವೇ ಅನ್ಯರ ಪ್ರಾಣವನ್ನು ಪಣಕ್ಕೊಡ್ಡುವುದು.

ಹಗುರ ಗಾಡಿಯ ಚಾಲಕನ ಸ್ಥಿತಿ ಬೇರೆ. ಗೋಕಾಕದ ಜಲಪಾತದ ಕಡೆಗೆ ಗುಡ್ಡದ ಓರೆಯಲ್ಲಿ ಹೋಗುವಾಗ, ಐವತ್ತು ಕಿಲೋಮೀಟರಿನ ವೇಗದಲ್ಲಿಯೇ ಅವನ ಕೈಗೆ ಕೆಲಸವಿದೆ. ಏರು ಬರುವ ಮುನ್ನ ಗೇರು ಇಳಿಸಬೇಕು. ಇಲ್ಲದಿದ್ದರೆ ಸಣ್ಣ ಯಂತ್ರ ಏದುಸಿರು ಬಿಡುತ್ತದೆ. ತಿರುವಿಗೆ ಮೊದಲು ವೇಗವನ್ನು ಹದಮಾಡಬೇಕು. ಕಳೆದ ವೇಗವನ್ನು ಮತ್ತೆ ಪಡೆಯುವುದು ಸುಲಭವಲ್ಲವಾದುದರಿಂದ ಅದನ್ನು ಜಿಪುಣನ ಹಣದಂತೆ ಕಾಪಾಡಬೇಕು. ರಸ್ತೆಯ ಉಬ್ಬುತಗ್ಗು ಚಕ್ರದ ಮೂಲಕ ಅಂಗೈಗೆ ತಿಳಿಯುತ್ತದೆ. ಯಂತ್ರದ ಬಲವೆಲ್ಲ ಬಳಕೆಯಾಗುತ್ತದೆ, ಚಾಲಕನ ಬುದ್ಧಿಯೂ ಬಳಕೆಯಾಗುತ್ತದೆ. ಆದರೂ ಕಾನೂನನ್ನು ಮೀರಿದಂತಾಗುವುದಿಲ್ಲ, ದಾರಿಹೋಕನು ಬೆಚ್ಚಿಬೀಳಬೇಕಾಗಿಲ್ಲ. ಗಾಡಿಯ ಮೇಲೆ ಹತ್ತಾರು ಲಕ್ಷ ಸುರಿಯಲಾರದವರೂ ಈ ಸುಖಕ್ಕೆ ಅಧಿಕಾರಿಗಳು. 1983ರ ಡಿಸೆಂಬರಿನಲ್ಲಿ ನಮ್ಮ ದೇಶದ ಪೇಟೆಗೆ ಬಂದ ಮಾರುತಿ 800 ಕಾರು ಸ್ಪೋರ್ಟ್ಸ್ ಕಾರಲ್ಲ. 796 ಘನ ಸೆಂಟಿಮೀಟರಿನ ಯಂತ್ರ, ಸುಮಾರು 650 ಕಿಲೋಗ್ರಾಂ ಭಾರ. ಅದುವರೆಗೆ ಭಾರವಾದ ಅಂಬಾಸಡರನ್ನು ತಿರುಗಿಸಿ ತೋಳು ನೋಯಿಸಿಕೊಂಡವರು ಅದರ ಚಕ್ರ ಹಿಡಿದಾಗ ಪಟ್ಟ ಉಲ್ಲಾಸವನ್ನು ಬಲ್ಲವರು ನಮ್ಮ ಶ್ರೋತೃಗಳಲ್ಲಿಯೇ ಅನೇಕರಿರಬಹುದು. ಅದು ಲಘುತ್ವದ ಉಲ್ಲಾಸವೇ.

ಇಲ್ಲಿ ನಾವು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಗುರ ಗಾಡಿ ತಾನಾಗಿಯೇ ಸಾಧುವಲ್ಲ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಈ ಲೆಕ್ಕ ಸಣ್ಣ ಗಾಡಿಗೂ ಒಂದೇ, ದೊಡ್ಡ ಗಾಡಿಗೂ ಒಂದೇ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1 ಲಕ್ಷ 68 ಸಾವಿರಕ್ಕೂ ಹೆಚ್ಚು ಜನ ಮಡಿದರೆಂದು ಸರ್ಕಾರದ ವರದಿ ಹೇಳುತ್ತದೆ. ಆ ಸಾವುಗಳಲ್ಲಿ ಬಹುಪಾಲಿಗೆ ಅತಿವೇಗವೇ ಕಾರಣವೆಂದೂ ಅದೇ ವರದಿಯಲ್ಲಿದೆ. ಸತ್ತವರಲ್ಲಿ ಸ್ಪೋರ್ಟ್ಸ್ ಕಾರಿನ ಹೆಸರನ್ನೇ ಕೇಳದವರು, ಕಾಲ್ನಡಿಗೆಯವರು, ಎರಡು ಚಕ್ರದವರು ಎಷ್ಟೋ ಮಂದಿ. ಒಬ್ಬನ ವಿನೋದಕ್ಕೆ ಇನ್ನೊಬ್ಬನು ತೆರುವ ಬೆಲೆ ಇದಾಗಬಾರದು. ಬಲವಿದ್ದೂ ಅದನ್ನು ಮೀಸಲಾದ ಓಟದ ಅಂಗಣಕ್ಕೆ ಕೊಂಡೊಯ್ದು ಬಳಸುವವನು ದೋಷಿಯಲ್ಲ. ಹಗುರ ಗಾಡಿಯನ್ನು ಸಂತೆಯ ಬೀದಿಯಲ್ಲಿ ಹುಚ್ಚೆಬ್ಬಿಸುವವನು ನಿರ್ದೋಷಿಯೂ ಅಲ್ಲ.

ಶರ್ಯತ್ತಿನ ಎತ್ತುಗಳ ವಿಷಯದಲ್ಲಿಯೂ ನಮ್ಮ ನಾಡು ಇಂಥ ವಿವೇಚನೆಯನ್ನು ಮಾಡಬೇಕಾಯಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಗೂಳಿ ಪಳಗಿಸುವ ಆಟವನ್ನೂ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿತು. 2017ರಲ್ಲಿ ಕರ್ನಾಟಕವು ಕಂಬಳಕ್ಕೂ ಎತ್ತಿನ ಓಟಕ್ಕೂ ಅವಕಾಶ ಕೊಡುವ ತಿದ್ದುಪಡಿಯನ್ನು ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಓಟ ಉಳಿಯಿತು, ಆದರೆ ಪ್ರಾಣಿಗೆ ಅನಗತ್ಯವಾದ ನೋವನ್ನು ಕೊಡಬಾರದೆಂಬ ಕಟ್ಟುಪಾಡೂ ಉಳಿಯಿತು. ಬಾರುಕೋಲಿನ ಏಟಿನಿಂದ ಓಡಿಸುವವನು ಸಾರಥಿಯಲ್ಲ. ಎತ್ತಿನ ಉಸಿರನ್ನು ಕೇಳಿ ಹಗ್ಗವನ್ನು ಸಡಿಲಿಸುವವನು, ಬಿಗಿಹಿಡಿಯುವವನು ಸಾರಥಿ. ಒಳ್ಳೆಯ ಗಾಡಿಗಾರನಿಗೆ ಇದನ್ನು ನ್ಯಾಯಾಲಯ ಕಲಿಸಬೇಕಾಗಿಲ್ಲ.

ಹೀಗೆ ವಿಚಾರ ಮಾಡಿದಾಗ ನಮ್ಮ ಸಿದ್ಧಾಂತ ಇಷ್ಟು. ಓಟದ ಅಂಗಣದಲ್ಲಿ, ದಿಗಂತದವರೆಗೆ ಬರಿದಾದ ಹಾದಿಯಲ್ಲಿ, ಪ್ರಬಲ ವಾಹನದ ಮಹಿಮೆಯನ್ನು ಒಪ್ಪಬೇಕು. ನಾವು ನಿತ್ಯ ನಡೆಸುವ ರಸ್ತೆಗಳಲ್ಲಿ, ನಮ್ಮ ನೆರೆಹೊರೆಯವರೊಡನೆ ಹಂಚಿಕೊಂಡಿರುವ ಹಾದಿಗಳಲ್ಲಿ, ಲಘುವಾಹನವೇ ಹೆಚ್ಚಿನ ಸುಖವನ್ನು ಕೊಡುತ್ತದೆ. ಬಲವನ್ನು ಹಣದಿಂದ ಕೊಳ್ಳಬಹುದು. ಅದು ಕೊಟ್ಟ ದಿನವೇ ಕೈಸೇರುತ್ತದೆ, ಕೆಲವೇ ತಿಂಗಳಲ್ಲಿ ಹಳೆಯದಾಗುತ್ತದೆ, ಆಗ ಇನ್ನೂ ಹೆಚ್ಚಿನ ಬಲ ಬೇಕೆನಿಸುತ್ತದೆ. ಕೌಶಲವನ್ನು ಕೊಳ್ಳಲಾಗದು, ಅದು ಅಭ್ಯಾಸದಿಂದ ಬೆಳೆಯುತ್ತದೆ, ಬೆಳೆದಂತೆಲ್ಲ ಹಳೆಯ ಗಾಡಿಯೇ ಹೊಸದಾಗಿ ತೋರುತ್ತದೆ. ಲಘುವಾಹನ ಚಾಲಕನಿಂದ ಕೌಶಲವನ್ನು ಬೇಡುತ್ತದೆ, ಬೇಡಿದ್ದಕ್ಕೆ ಪ್ರತಿಫಲವನ್ನೂ ಕೊಡುತ್ತದೆ.

ಹೊಸ ಗಾಡಿಯನ್ನು ಕೊಳ್ಳಲು ಹೊರಟ ತರುಣರಿಗೆ ನಮ್ಮದೊಂದು ವಿಜ್ಞಾಪನೆ. ಅಂಗಡಿಯಲ್ಲಿ ಅಶ್ವಶಕ್ತಿಯನ್ನು ಕೇಳುವಾಗ ಭಾರವನ್ನೂ ಕೇಳಿರಿ. ಆಮೇಲೆ ತಾವು ದಿನವೂ ಓಡಾಡುವ ದಾರಿಯನ್ನು ಮನಸ್ಸಿಗೆ ತಂದುಕೊಂಡು, ಈ ಬಲದಲ್ಲಿ ಎಷ್ಟನ್ನು ಅಲ್ಲಿ ಧರ್ಮವಾಗಿ ಬಳಸಬಲ್ಲೆನೆಂದು ತಮ್ಮನ್ನೇ ಕೇಳಿಕೊಳ್ಳಿರಿ. ಉತ್ತರ ಪ್ರಾಮಾಣಿಕವಾಗಿದ್ದರೆ ಹಣವೂ ಉಳಿದೀತು, ಸುಖವೂ ಹೆಚ್ಚೀತು, ಒಂದೆರಡು ಪ್ರಾಣವೂ ಉಳಿದೀತು.